ಸುಣ್ಣದ ಆಯಿ ಮತ್ತು ನಮ್ಮ ಪಡಸಾಲೆಯ ತೊಲೆ

ಹೋದ ತಿಂಗಳು ಶಿಗ್ಗಾಂವಿಯಲ್ಲಿ ಸಾಲಿಯ ಪಾಠ ಮುಗಿಸಿಕೊಂಡು ಬಸ್ಸಿನಲ್ಲಿ ಹಾನಗಲ್ಲಿಗೆ ಹೊರಟಿದ್ದೆ. ಬಂಕಾಪುರದಲ್ಲಿ ಹತ್ತಿದ ಪೇಂಟರ್ ಒಬ್ಬ ಪಕ್ಕದಲ್ಲಿ ಬಂದು ಕೂತ. ಹಳೆಯ ಗುರುತು. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡಿ ಮುಗಿದ ಮೇಲೆ, ಇನ್ನೇನು ಇಳಿಯಬೇಕು ಅನ್ನುವಾಗ, "ಸರ, ಸುಣ್ಣದ ಆಯಿ ಹೋದ್ಲಲ್ಲರಿ, ಗೊತ್ತಾತೋ ಇಲ್ಲೋ?" ಎಂದ.

"ಯಾವಾಗೋ?"

"ಆತ್ರಿ ಹದಿನೈದು ದಿನ. ಏನೂ ನರಳಲಿಲ್ಲಂತ. ಮುಂಜಾನೆ ಚಾ ಕುಡದ್ಲಂತ, ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ಲಂತ, ಅಷ್ಟ."

ಹದಿನೈದು ದಿನ! ಒಂದೇ ಊರಿನಲ್ಲಿದ್ದೂ ನನಗೆ ಸುದ್ದಿ ಮುಟ್ಟಿಸುವವರು ಒಬ್ಬರೂ ಇರಲಿಲ್ಲವೇ ಎಂದು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಬಾಗಿಲ ಹತ್ತಿರ ನಿಂತು "ಲಗೂನ ಇಳೀರಿ" ಎಂದ ಕಂಡಕ್ಟರನ ಮೇಲೆ ಅದು ಹೋಯಿತು. ಇಳಿದು ಮನೆಯ ಕಡೆ ನಡೆಯುವಾಗ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನನ್ನ ತಂಗಿಯ ಮಗಳ ಜೀವಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ನಾನು ಅವ್ವನಿಂದ ಮುಚ್ಚಿಟ್ಟಿದ್ದೆ. ಅದು ಗೊತ್ತಿದ್ದ ಇನ್ನೊಂದೇ ಜೀವ ಈಗ ಹೋಯಿತು.

ಆಕೆ ಯಾರು ಅಂತ ಮೊದಲು ಹೇಳುತ್ತೇನೆ. ಹಾನಗಲ್ಲಿನಲ್ಲಿ ನಮ್ಮದು ಮಣ್ಣಿನ ಗೋಡೆಯ, ಹೆಂಚು ಹೊದಿಸಿದ ಹಳೆಯ ಮನೆ. ವರ್ಷಕ್ಕೆ ಎರಡು ಸಲ, ನಾಗರ ಪಂಚಮಿಗೆ ಮೊದಲು ಮತ್ತು ದೀಪಾವಳಿಗೆ ಮೊದಲು, ಆಕೆ ಸುಣ್ಣ ಹಚ್ಚಲು ಬರುತ್ತಿದ್ದಳು. ಎತ್ತರದ, ಒಣಕಲು ಹೆಂಗಸು. ಕಚ್ಚೆ ಹಾಕಿದ ಸೀರೆ, ಸುಣ್ಣ ತಿಂದು ಬಿರುಕುಬಿಟ್ಟ ಬೆರಳು, ಸೊಂಟಕ್ಕೆ ಎಲೆ ಅಡಿಕೆಯ ಸಂಚಿ. ಹಿಂದಿನ ದಿನವೇ ಬಂದು ಸುಣ್ಣದ ಹರಳನ್ನು ಗಡಿಗೆಯಲ್ಲಿ ನೆನೆಹಾಕಿ ಹೋಗುವಳು. ಅದು ಕೊತಕೊತ ಕುದಿಯುವುದನ್ನು ಬಗ್ಗಿ ನೋಡಲು ಹೋದ ಮಕ್ಕಳಿಗೆ ತಲೆಗೊಂದು ಮೊಟಕು. ಚಹಾ ಕೊಟ್ಟರೆ ಬಸಿಯಲ್ಲಿ ಸುರಿದುಕೊಂಡು ಸೊರ್ ಎಂದು ಹೀರಿ, "ಸಕ್ಕರಿ ಇವತ್ತು ಮುನಿಸಿಕೊಂಡೈತೇನ್ರಿ ಅವ್ವಾರ?" ಅನ್ನುವಳು. ಅವ್ವ ಬೈಯುತ್ತಲೇ ಇನ್ನೊಂದು ಚಮಚ ಹಾಕುವಳು.

ಕುಂಚ ಹಿಡಿಯುವ ಮೊದಲು ಆಕೆ ಮನೆಯೆಲ್ಲ ಒಂದು ಸುತ್ತು ಹಾಕಬೇಕು. ಇದು ಆಕೆಯದೇ ಪದ್ಧತಿ. ಊರಿನ ಬೇರೆ ಯಾವ ಸುಣ್ಣದವರೂ ಹೀಗೆ ಮಾಡುತ್ತಿರಲಿಲ್ಲ. ಕಪಾಟು, ಪೆಟ್ಟಿಗೆ, ಕಾಳಿನ ಚೀಲ ಎಲ್ಲವನ್ನೂ ಗೋಡೆಯಿಂದ ಒಂದು ಗೇಣು ಸರಿಸಿಕೊಡಬೇಕು. ಆಮೇಲೆ ಅಂಗೈಯನ್ನು ಗೋಡೆಗೆ ಹಚ್ಚಿ, ಎಮ್ಮೆಯ ಬೆನ್ನು ಸವರಿದ ಹಾಗೆ ಸವರುತ್ತ ಕೋಣೆಯಿಂದ ಕೋಣೆಗೆ ಹೋಗುವಳು. ಬಾಗಿಲ ಚೌಕಟ್ಟು ಬಂತು, ಕಂಬ ಬಂತು ಅಂದರೆ ಸಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದು, ಅದರ ಹಿಡಿಕೆಯಿಂದ ಟಕ್ ಟಕ್ ಬಡಿದು ಕಿವಿ ಇಡುವಳು. ಆ ಹೊತ್ತಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. "ಸ್ವಲ್ಪ ಬಾಯಿ ಮುಚ್ಚರಿ, ಕಟಗಿ ಮಾತಾಡಾಕತ್ತೈತಿ" ಎಂದು ಒಮ್ಮೆ ನಮ್ಮಪ್ಪನಿಗೇ ಗದರಿಬಿಟ್ಟಳು. ಓಣಿಗೆಲ್ಲ ಗದರುತ್ತಿದ್ದ ಅಪ್ಪ ಅವತ್ತು ಬೆಕ್ಕಿನ ಹಾಗೆ ಸುಮ್ಮನೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೆದ್ದಲನ್ನು ನಮ್ಮ ಕಡೆ ಒರಲೆ ಅನ್ನುತ್ತೇವೆ. ಆಕೆ ಮಾತ್ರ ಎಂದೂ ಹಾಗನ್ನಲಿಲ್ಲ. ಆಕೆಯ ಬಾಯಲ್ಲಿ ಅವು 'ಆ ಮಂದಿ'. ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಎಂದು ನಂಬಿದ್ದಳೋ, ಇಷ್ಟು ವರ್ಷದ ಒಡನಾಟದಲ್ಲಿ ಸಲಿಗೆಯೇ ಬೆಳೆದಿತ್ತೋ, ದೇವರೇ ಬಲ್ಲ. ಸುತ್ತು ಮುಗಿಸಿ ಬಂದು "ಆ ಮಂದಿ ಬಂದಾರ್ರಿ" ಅಂದಳೆಂದರೆ ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದರು.

ಒಂದು ಸಲ ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ಮುಂಜಾನೆ ಏನೋ ಕೇಳಲು ಬಂದಿದ್ದಳು. ಅಡಿಗೆಮನೆಯ ಕಿಟಕಿಯ ಕೆಳಗೆ ಮಳೆಹುಳದ ರೆಕ್ಕೆಗಳು ರಾಶಿ ಬಿದ್ದಿದ್ದವು. ಅವ್ವ ಕಸಬರಿಗೆ ಹಿಡಿದಿದ್ದಳು. ಆಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, "ತಡೀರಿ ಅವ್ವಾರ. ಅಂಗಳದಾಗ ಬಿದ್ದಿದ್ರ ನಾನೂ ಬಿಡ್ತಿದ್ದೆ. ಇದು ಒಳಗ, ಅದೂ ಮುಚ್ಚಿದ ಕಿಟಕಿ ಬುಡಕ. ರೆಕ್ಕಿ ಅದಾವು, ಹುಳಾ ಎಲ್ಲೆ?" ಎಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವನು. ಕೀಟದ ಚಿತ್ರ ಬರೆದು ತಲೆ, ಎದೆ, ಹೊಟ್ಟೆ ಅಂತ ಗೆರೆ ಎಳೆದು ತೋರಿಸುವವನು. ನನಗೆ ಏನೂ ಹೊಳೆಯಲಿಲ್ಲ. "ಅಂಗಿ ಕಳದಿಟ್ಟು ಮನಿಯಾಗ ಹೊಕ್ಕಾರ್ರಿ" ಎಂದು ಆಕೆಯೇ ಹೇಳಿ, ಮಧ್ಯಾಹ್ನದ ಹೊತ್ತಿಗೆ ಒಲೆಯ ಹಿಂದಿನ ಮೂಲೆಯಲ್ಲಿ ಅವುಗಳ ದಾರಿ ಹುಡುಕಿಕೊಟ್ಟಳು.

ಆ ದಾರಿ ಅಂದರೆ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ, ಅಷ್ಟೇ. ಕಂಡ ಕೂಡಲೇ ನಾವು ಒರೆಸಲು ಓಡುತ್ತೇವೆ. ಆಕೆ ಒರೆಸಲು ಬಿಡುತ್ತಿರಲಿಲ್ಲ. ನಡುವೆ ಎರಡು ಬೆರಳಿನಷ್ಟು ಮಾತ್ರ ಉಗುರಿನಿಂದ ಕೆದರಿ ಬಿಟ್ಟು, ನಾಲ್ಕು ದಿನ ಬಿಟ್ಟು ಬಂದು ನೋಡುವಳು. ಕೆದರಿದ್ದು ಹಾಗೇ ಇದ್ದರೆ ಅವು ಬಿಟ್ಟುಹೋಗಿವೆ. ಹಸಿ ಮಣ್ಣಿನಿಂದ ಮತ್ತೆ ಕೂಡಿಕೊಂಡಿದ್ದರೆ ಒಳಗೆ ಸಂಸಾರ ನಡೆದಿದೆ.

ಹತ್ತಿಮತ್ತೂರಿನ ದೊಡ್ಡ ಮನೆಯೊಂದರಲ್ಲಿ ನಡೆದದ್ದನ್ನು ಆಕೆಯೇ ನಕ್ಕು ನಕ್ಕು ಹೇಳುತ್ತಿದ್ದಳು. ಆ ಮನೆಯ ಮುಂಬಾಗಿಲು ಬಿಗಿಯಾಗಿದೆ ಎಂದು ಯಜಮಾನರು ಬಡಿಗನನ್ನು ಕರೆಸಿ ಮೂರು ಸಲ ಉಜ್ಜಿಸಿದ್ದರಂತೆ. "ಮಳಿಗಾಲದಾಗ ಬಾಗಲಾ ಉಬ್ಬತೈತಿ ಖರೆ. ಸುಡು ಬ್ಯಾಸಗ್ಯಾಗ ಯಾಕ ಉಬ್ಬತೈತ್ರಿ ಗೌಡ್ರ?" ಎಂದು ಕೇಳಿ, ಚೌಕಟ್ಟಿನ ಎಣ್ಣೆಬಣ್ಣ ಗುಳ್ಳೆ ಎದ್ದಲ್ಲಿ ಹೆಬ್ಬೆರಳಿನಿಂದ ಒತ್ತಿದಳಂತೆ. ಬೆರಳು ಹಪ್ಪಳದೊಳಗೆ ಹೋದಂತೆ ಹೋಯಿತಂತೆ. ಸವಣೂರಿನಲ್ಲಿ ಒಬ್ಬ ರಿಟೈರ್ಡ್ ಮುದುಕರಿದ್ದರು. ಮಲಗಿದಾಗ ಟಿಕಿ ಟಿಕಿ ಸಪ್ಪಳ ಕೇಳುತ್ತದೆ ಎಂದು ವರ್ಷಗಟ್ಟಲೆ ಕಿವಿಗೆ ಔಷಧ ಬಿಟ್ಟುಕೊಂಡವರು. ಈಕೆ ಅವರ ತಲೆದೆಸೆಯ ಕಿಟಕಿ ಚೌಕಟ್ಟನ್ನು ಬಡಿದು, "ಈಗ ಕಿವಿ ಇಡ್ರಿ" ಅಂದಳು. ಬಡಿದ ಕೂಡಲೇ ಒಳಗಿನಿಂದ ಅದೇ ಟಿಕಿ ಟಿಕಿ. ಕಿಟಕಿ ಅರ್ಧ ಹೋಗಿತ್ತು. ಆದರೂ ಮುದುಕರು ತಮ್ಮ ಕಿವಿ ನೆಟ್ಟಗಿದೆ ಅನ್ನುವ ಖುಷಿಗೆ ಆಕೆಗೆ ಊಟ ಹಾಕಿ ಕಳಿಸಿದರಂತೆ.

ಹಾಗಂತ ಆಕೆ ಎಂದೂ ತಪ್ಪಲಿಲ್ಲ ಅಂತಲ್ಲ. ಹಿರೇಕೆರೂರಿನ ತನ್ನ ಬೀಗರ ಮನೆಯಲ್ಲಿ ಮಣ್ಣು ಕಂಡದ್ದೇ ತಡ, "ಆ ಮಂದಿ, ಆ ಮಂದಿ" ಎಂದು ಬೊಬ್ಬೆ ಹಾಕಿ, ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ, ಮದುವೆ ಮನೆಯಲ್ಲಿ ಅಡಿಗೆಯವರಿಗೂ ಜಾಗ ಇಲ್ಲದ ಹಾಗೆ ಮಾಡಿದಳಂತೆ. ಕೊನೆಗೆ ನೋಡಿದರೆ ಬೆಲ್ಲದ ಡಬ್ಬಿಗೆ ಹೊರಟ ಕರಿ ಇರುವೆ. "ಬೀಗರು ಇವತ್ತಿಗೂ ನನ್ನ ನೋಡಿದ್ರ ಬೆಲ್ಲಾ ಮುಚ್ಚತಾರ" ಎಂದು ನಗುವಳು. ಮುಂಗೋಪವೂ ಇತ್ತು. ಕೆಲಸ ಮಾಡುವಾಗ ಹಿಂದೆ ನಿಂತು ನೋಡಿದರೆ ಆಗದು. ಹೇಳಿದ ದಿನ ಒಂದು, ಬರುವ ದಿನ ಇನ್ನೊಂದು.

ಹೀಗೆ ಎಷ್ಟೋ ವರ್ಷ ನಡೆದ ಮೇಲೆ ನನಗೆ ಬುದ್ಧಿ ಹೆಚ್ಚಾಯಿತು. ಅಪ್ಪ ತೀರಿಕೊಂಡಿದ್ದ, ಮನೆಯ ಕಾರಭಾರ ನನ್ನ ಕೈಗೆ ಬಂದಿತ್ತು. ಗೋಡೆಗೆ ಆತುಕೊಂಡರೆ ಅಂಗಿಗೆ ಬಿಳಿ ಹತ್ತುತ್ತದೆ, ಸಹೋದ್ಯೋಗಿಗಳ ಮನೆಯೆಲ್ಲ ಬಣ್ಣ ಬಣ್ಣವಾಗಿದೆ, ನಮ್ಮದು ಮಾತ್ರ ಮುದುಕಿಯ ಹಾಗಿದೆ ಅನಿಸತೊಡಗಿತು. ಅವ್ವ ಬೇಡ ಬೇಡ ಅಂದರೂ ಕೇಳದೆ, ಮೊನ್ನೆ ಬಸ್ಸಿನಲ್ಲಿ ಸಿಕ್ಕ ಅದೇ ಪೇಂಟರನಿಂದ ಒಳಗೆಲ್ಲ ತಿಳಿ ಹಸಿರು ಡಿಸ್ಟೆಂಪರ್ ಹೊಡೆಸಿದೆ. ಪಂಚಮಿಗೆ ಮೊದಲು ಎಂದಿನಂತೆ ಗಡಿಗೆ ಕೇಳಿಕೊಂಡು ಬಂದವಳಿಗೆ, "ಇನ್ನ ಸುಣ್ಣ ಬ್ಯಾಡ ಆಯಿ, ಅಂಗಿಗೆ ಹತ್ತತೈತಿ. ಇದು ನಾಕೈದು ವರ್ಷ ಬರತೈತಿ" ಅಂದೆ. ಆಕೆ ಒಳಗೆ ಇಣುಕಿ ನೋಡಿ, "ಚಲೋ ಕಾಣತೈತಿ ಬಿಡಪಾ" ಅಂದಳು. ಚಹಾ ಕುಡಿಯದೆ ಹೋದಳು. ಆಕೆ ಚಹಾ ಬಿಟ್ಟು ಹೋದದ್ದು ಅದೊಂದೇ ಸಲ. ನನಗೆ ಕೆಡುಕೆನಿಸಲಿಲ್ಲ, ಒಂದು ರಗಳೆ ಮುಗಿಯಿತು ಅನಿಸಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಎರಡು ವರ್ಷ ಕಳೆಯಿತು. ಒಂದು ಬೇಸಿಗೆಯಲ್ಲಿ ಪಡಸಾಲೆಯ ಕಪಾಟಿನ ಹಿಂದೆ ಬಿದ್ದ ಪೆನ್ನು ತೆಗೆಯಲು ಬಗ್ಗಿದಾಗ ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡಿತು. ನೆಲದಿಂದ ಹೊರಟು, ಕಂಬದ ಮಗ್ಗುಲಲ್ಲಿ ಏರಿ, ಮೇಲೆ ತೊಲೆಯ ತನಕ ಹೋಗಿತ್ತು. ಅದೇನು ಅಂತ ನನಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಅಂದುಕೊಂಡಾರು. ಗೊತ್ತಾಯಿತು. ಚೆನ್ನಾಗಿಯೇ ಗೊತ್ತಾಯಿತು. ಆದರೆ ಹೇಳಿದರೆ ಅವ್ವ, "ಬಣ್ಣಾ ಹೊಡಸಬ್ಯಾಡ ಅಂದ್ನೋ ಇಲ್ಲೋ?" ಅಂತ ದೀಪಾವಳಿಯವರೆಗೂ ಅನ್ನುತ್ತಾಳೆ. ಒದ್ದೆ ಬಟ್ಟೆ ತಂದು ಗೆರೆಯನ್ನು ಒರೆಸಿದೆ. ಡಬ್ಬಿಯ ತಳದಲ್ಲಿ ಉಳಿದ ಡಿಸ್ಟೆಂಪರನ್ನು ಬೆರಳಿನಿಂದಲೇ ಮೆತ್ತಿ, ಕಪಾಟನ್ನು ಮತ್ತೆ ಗೋಡೆಗೆ ದಬ್ಬಿದೆ.

ಶ್ರಾವಣ ಬರುವ ಹೊತ್ತಿಗೆ ಅದೇ ಪಡಸಾಲೆಯ ಮೂಲೆಯಲ್ಲಿ, ದೇವರನ್ನಿಟ್ಟ ಜಗಲಿಯ ಹತ್ತಿರ, ನೆಲ ಒಡೆದು ಗೇಣೆತ್ತರದ ಹುತ್ತ ಎದ್ದಿತು. ಬೇರೆ ಊರಿನವರಾದರೆ ಏನು ಮಾಡುತ್ತಿದ್ದರೋ ಕಾಣೆ. ನಮ್ಮವ್ವ ಕೈ ಮುಗಿದಳು. ಪಂಚಮಿಗೆ ಹೊಲಕ್ಕೆ ಹೋಗಿ ಹುತ್ತಕ್ಕೆ ಹಾಲೆರೆಯುವವರ ಮನೆಗೆ ತಾಯಿ ನಾಗವ್ವ ತಾನಾಗಿ ಬಂದಳಲ್ಲ ಎಂದು ಆಕೆಯ ಕಣ್ಣಲ್ಲಿ ನೀರು. ಅರಿಷಿಣ, ಕುಂಕುಮ, ಹೂವು, ದಿನಾ ಬೆಳಿಗ್ಗೆ ಒಂದು ಬಟ್ಟಲು ಹಾಲು. ನೆಲ ಸದಾ ಹಸಿ. ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬರತೊಡಗಿದರು. ನಾನು ಎರಡು ದಿನ ಬಾಯಿ ತೆರೆಯಲು ನೋಡಿದೆ. ತೆರೆದರೆ ಕಪಾಟಿನ ಹಿಂದಿನದೂ ಹೊರಬರುತ್ತದಲ್ಲ ಎಂದು ಮತ್ತೆ ಮುಚ್ಚಿದೆ.

ಪಂಚಮಿಗೆ ತಂಗಿ ಬಂದಳು, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು. ಹೆಣ್ಣುಮಕ್ಕಳು ತವರಿಗೆ ಬಂದ ಮೇಲೆ ಜೋಕಾಲಿ ಕಟ್ಟಬೇಕು. ನಮ್ಮ ಮನೆಯಲ್ಲಿ ಅದನ್ನು ಪಡಸಾಲೆಯ ತೊಲೆಗೆ ಕಟ್ಟುವುದು ಅಜ್ಜಿಯ ಕಾಲದಿಂದ ಬಂದದ್ದು. ನಾನೇ ನಿಚ್ಚಣಿಕೆ ಹತ್ತಿ, ಹೊಲದ ದಪ್ಪ ಹಗ್ಗವನ್ನು ತೊಲೆಗೆ ಸುತ್ತಿ ಕಟ್ಟಿದೆ. ಕಟ್ಟುವಾಗ ತೊಲೆ ಮುಟ್ಟಿ ನೋಡಿದೆ. ಮೇಲೆ ನುಣ್ಣಗಿತ್ತು, ಗಟ್ಟಿಯಾಗಿ ಕಂಡಿತು. ಏನೂ ಆಗಿಲ್ಲ ಬಿಡು ಎಂದು ಮನಸ್ಸಿಗೆ ಹೇಳಿಕೊಂಡೆ.

ಮಾರನೆಯ ದಿನ ರೊಟ್ಟಿ ಪಂಚಮಿ, ಹಬ್ಬದ ಮೊದಲ ದಿನ. ಹನ್ನೊಂದು ಗಂಟೆಯ ಹೊತ್ತು. ಹುತ್ತದ ಸುದ್ದಿ ಕೇಳಿ ಎಲ್ಲರ ಹಾಗೆ ಆಯಿಯೂ ಬಂದಳು, ಕೈಯಲ್ಲಿ ಎರಡು ದಾಸವಾಳ.

"ಬಾ ಆಯಿ, ನೋಡು ಬಾ" ಅಂದಳು ಅವ್ವ. "ತಾಯಿ ನಾಗವ್ವ ನಮ್ಮನ್ಯಾಗ ಬಂದು ಕುಂತಾಳ."

ಆಕೆ ಹೂವಿಟ್ಟು ಕೈ ಮುಗಿದಳು. ಬಂದ ಹೆಂಗಸರೆಲ್ಲ ಹುತ್ತ ನೋಡಿದರು. ಈಕೆ ಎದ್ದವಳೇ ತಲೆ ಎತ್ತಿ ಮೇಲೆ ನೋಡಿದಳು. ಜೋಕಾಲಿಯಲ್ಲಿ ಕೂಸು ಕೂತಿತ್ತು, ತಂಗಿ ತೂಗುತ್ತಿದ್ದಳು.

"ತಂಗೆವ್ವಾ, ಕೂಸಿನ್ನ ಇಳಸು."

"ಯಾಕ ಆಯಿ?"

"ಮೊದಲ ಇಳಸವ್ವಾ. ಆಮ್ಯಾಲೆ ಕೇಳುವಂತಿ."

ಆ ದನಿಗೆ ತಂಗಿ ತಟ್ಟನೆ ಮಗಳನ್ನು ಎತ್ತಿಕೊಂಡಳು. ಕೂಸು ಅಳತೊಡಗಿತು. ಅವ್ವನ ಮುಖ ಕೆಂಪಾಯಿತು. "ವರ್ಷದ ಹಬ್ಬದಾಗ ಕೂಸಿಗೆ ಅಳಸ್ತಿಯಲ್ಲ, ಏನಾಗೇತಿ ನಿನಗ? ನಮ್ಮತ್ತಿ ಕಾಲದಿಂದ ಇದ ತೊಲಿಗೆ ಕಟ್ಟೇವಿ ನಾವು."

"ನಿಮ್ಮತ್ತಿ ಕಾಲದ ತೊಲಿ ಈಗ ಉಳದಿಲ್ಲೇನೋ ಅಂತ ನನಗ ಸಂಶೆ ಬರಾಕತ್ತೈತ್ರಿ. ಸಿಪ್ಪಿ ಅಷ್ಟ ಉಳದಿರಬೇಕು. ನಿಚ್ಚಣಿಕಿ ಕೊಡ್ರಿ, ನೋಡಿ ಹೇಳ್ತೇನಿ."

"ಏ ಆಯಿ, ಹಬ್ಬದಾಗ ಮಂದಿಗೆ ಸುಮ್ಮಸುಮ್ಮನ ಹೆದರಸಬ್ಯಾಡ" ಎಂದು ನಾನು ರೇಗಿದೆ. ಹೆದರಿದ್ದವನು ನಾನು, ರೇಗಿದ್ದು ಆಕೆಗೆ. ಅರವತ್ತೈದು ದಾಟಿದ ಹೆಂಗಸು ಕಚ್ಚೆ ಬಿಗಿದು ನಿಚ್ಚಣಿಕೆ ಹತ್ತಿದಳು. ಅಡಕೊತ್ತಿನ ಹಿಡಿಕೆಯಿಂದ ಹಗ್ಗದ ಈಚೆ ಒಂದು, ಆಚೆ ಒಂದು ಬಡಿದಳು. ಸಪ್ಪಳ ಕೆಳಗೆ ನಿಂತ ನಮಗೂ ಕೇಳಿಸಿತು. ಖಾಲಿ ಡಬ್ಬಿ ಬಡಿದ ಹಾಗಿತ್ತು. ಅಡಕೊತ್ತನ್ನು ತಿರುಗಿಸಿ ಅದರ ಚೂಪು ತುದಿಯನ್ನು ಹಗ್ಗದ ಪಕ್ಕದಲ್ಲೇ ಒತ್ತಿದಳು. ಜೋರೇನೂ ಹಾಕಲಿಲ್ಲ. ಅಲಗು ಬುಡದ ತನಕ ಒಳಗೆ ಹೋಯಿತು. ತಿರುವಿ ಎಳೆದಾಗ ಹೋಳಿಗೆಯಷ್ಟಗಲದ ಸಿಪ್ಪೆ ಕಿತ್ತು ಬಂತು. ಒಳಗೆ ಕಟ್ಟಿಗೆ ಇರಲಿಲ್ಲ, ಮಣ್ಣಿತ್ತು. ಬಿಳಿ ಹುಳಗಳು ನುಚ್ಚಕ್ಕಿಯ ಹಾಗೆ ಉದುರಿದವು. ನೆಲದ ಮೇಲೆ, ಹುತ್ತದ ಮೇಲೆ, ಅವ್ವ ಹಿಡಿದಿದ್ದ ಅರಿಷಿಣ ಕುಂಕುಮದ ತಟ್ಟೆಯ ಮೇಲೆ.

ತಂಗಿ ಮಗಳನ್ನು ಎದೆಗವಚಿಕೊಂಡು ಅಂಗಳಕ್ಕೆ ಹೋಗಿಬಿಟ್ಟಳು. ಅವ್ವ ತಟ್ಟೆಯಲ್ಲಿ ಹರಿದಾಡುತ್ತಿದ್ದ ಹುಳಗಳನ್ನೇ ನೋಡುತ್ತ ಗೋಡೆಯ ಬುಡಕ್ಕೆ ಕುಸಿದು ಕೂತಳು.

"ಹಂಗಾರ ನಾ ಇಷ್ಟ ದಿನ ಹಾಲ ಎರದಿದ್ದು ಯಾರಿಗೆ ಆಯಿ?"

ನಾನಾಗಿದ್ದರೆ ವಿಜ್ಞಾನದ ಪಾಠ ಶುರು ಮಾಡುತ್ತಿದ್ದೆ. ಆಯಿ ಕೆಳಗಿಳಿದು, ಅವ್ವನ ಎದುರು ಕೂತು, ಸೆರಗಿನಿಂದ ತಟ್ಟೆ ಒರೆಸಿದಳು. "ತಾಯಿ ನಾಗವ್ವಗ ಎರದ್ರಿ. ನೀವು ಯಾರ್ನ ನೆನಸಿ ಎರದ್ರೋ ಅವರಿಗೆ ಮುಟ್ಟೈತ್ರಿ. ಈ ಮಂದಿ ನಡಕ ಹೊಕ್ಕು ಕುಡದಾರ, ಅದು ನಿಮ್ಮ ತಪ್ಪಲ್ಲ."

"ಈಗ ಇದನ್ನ ತಗೀಬೇಕಲ್ಲ? ಪಂಚಮ್ಯಾಗ ಮಣ್ಣ ಅಗಿಯಂಗಿಲ್ಲ. ನಾ ಜೀವ ಹೋದ್ರೂ ಅಗಿಯಾಕ ಬಿಡಂಗಿಲ್ಲ."

"ಅಗಿಯೂದು ಯಾಕ್ರಿ? ಪಂಚಮಿಗೆ ಹೆಣ್ಣಮಕ್ಕಳೆಲ್ಲ ತವರಿಗೆ ಹೊಕ್ಕಾರ. ಈ ತಾಯಿ ತವರು ನಿಮ್ಮ ಹೊಲದಾಗಿನ ಹುತ್ತ ಅಲ್ಲೇನ್ರಿ? ಉಡಿ ತುಂಬಿ ಕಳಿಸೋಣ್ರಿ."

ಅವ್ವ ಎದ್ದು ಟ್ರಂಕಿನಿಂದ ಹೊಸ ಕುಬಸದ ಕಣ ತೆಗೆದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ ಎಲ್ಲ ಇಟ್ಟು, ಮನೆಯಿಂದ ಹೊರಟ ಹೆಣ್ಣುಮಗಳಿಗೆ ತುಂಬುವ ಹಾಗೇ ಆ ಹುತ್ತಕ್ಕೆ ಉಡಿ ತುಂಬಿದಳು. ಆಯಿ ಗುದ್ದಲಿ ಮುಟ್ಟಲಿಲ್ಲ. ಬರಿಗೈಯಿಂದ ಮಣ್ಣು ಬಿಡಿಸಿ ಬಿಡಿಸಿ ಪುಟ್ಟಿಗೆ ಹಾಕಿದಳು. ಅವ್ವ ಪುಟ್ಟಿ ಹೊತ್ತಳು, ಹಿಂದೆ ಓಣಿಯ ಹೆಂಗಸರೆಲ್ಲ ಹಾಡುತ್ತ ಹೊಲದ ತನಕ ಹೋದರು. ನಾನು ಮನೆಯಲ್ಲಿ ಉಳಿದು ಜೋಕಾಲಿ ಬಿಚ್ಚಿದೆ. ಹಗ್ಗ ಎಳೆದಾಗ ತೊಲೆಯಿಂದ ಇನ್ನಷ್ಟು ಮಣ್ಣು ನನ್ನ ತಲೆಯ ಮೇಲೆ ಸುರಿಯಿತು.

ಹೊಲದಿಂದ ಬಂದ ಮೇಲೆ ಆಯಿ ನನ್ನ ಕೈಯಿಂದಲೇ ಕಪಾಟು ಸರಿಸಿಸಿದಳು. ಹಸಿರು ಗೋಡೆಯ ಮೇಲೆ, ನೆಲದಿಂದ ಮೇಲಕ್ಕೆ, ನಾನು ಬೆರಳಿನಿಂದ ಮೆತ್ತಿದ ಪಟ್ಟಿ ಸ್ವಲ್ಪ ದಟ್ಟವಾಗಿ ಕಾಣುತ್ತಿತ್ತು. ಆಕೆ ಅದರ ಮೇಲೆ ಅಂಗೈ ಆಡಿಸಿದಳು, ನಿಲ್ಲಿಸಿದಳು, ನನ್ನನ್ನು ನೋಡಿದಳು. ಹಿಂದೆಯೇ ಅವ್ವ ನಿಂತಿದ್ದಳು.

"ಅಲ್ಲ ಆಯಿ, ಇಷ್ಟೆಲ್ಲಾ ತಿಂದಾವು, ಮನ್ಯಾಗ ಒಬ್ಬರಿಗೂ ಕಾಣಲಿಲ್ಲಲ್ಲ?"

"ಬಣ್ಣದ ಗ್ವಾಡಿರಿ ಅವ್ವಾರ, ಯಾರಿಗೆ ಕಂಡೀತು?" ಎಂದಳು ಆಯಿ. ಅಷ್ಟೇ. ಬಸಿ ಚಹಾ ಕುಡಿದು ಹೋದಳು.

ಹಬ್ಬ ಮುಗಿದ ಮೇಲೆ ಬಡಿಗರು ಬಂದು ತೊಲೆ ಇಳಿಸಿದರು. ಇಬ್ಬರು ಹೊರಬೇಕಾದ ತುಂಡನ್ನು ನಾನೊಬ್ಬನೇ ಎತ್ತಿ ಅಂಗಳಕ್ಕೆ ಒಯ್ದೆ, ಅಷ್ಟು ಹಗುರ. ಹಗ್ಗ ಕಟ್ಟಿದ್ದ ಜಾಗ ಕೈಯಲ್ಲೇ ಪುಡಿಯಾಯಿತು. ಹುಬ್ಬಳ್ಳಿಯಿಂದ ಔಷಧದವರು ಬಂದು ನೆಲಕ್ಕೆ ತೂತು ಕೊರೆದು ಮದ್ದು ಹಾಕಿದರು. ಮುಂದಿನ ಪಂಚಮಿಗೆ ನಾನೇ ಡಿಸ್ಟೆಂಪರ್ ಕೆರೆಸಿ, ಪೇಟೆಯಲ್ಲಿ ಸಿಕ್ಕಾಗ ಆಕೆಯನ್ನು ಕರೆದೆ. "ಅಂಗಿಗೆ ಹತ್ತತೈತ್ ನೋಡಪಾ" ಎಂದು ಚುಚ್ಚಿಯೇ ಬಂದಳು. ಮೊಣಕಾಲು ಕೈಕೊಡುವ ತನಕ ಬಂದಳು.

ಆಮೇಲೆ ಒಂದು ದಿನ ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಹಿರೇಕೆರೂರಿನ ಬಸ್ಸಿಗೆ ಕಾಯುತ್ತಿದ್ದಳು. ಹತ್ತಿರ ಕೂತೆ. ಎಷ್ಟೋ ವರ್ಷದಿಂದ ಮುಚ್ಚಿಟ್ಟದ್ದು ಅವತ್ತು ಹೊರಬಿತ್ತು.

"ಆಯಿ, ಆ ಗೆರಿ ನಾನ ಒರಸಿದ್ದೆ. ಬ್ಯಾಸಗ್ಯಾಗ ಕಂಡಿತ್ತು ನನಗ."

"ಗೊತ್ತೈತಿ ತಮ್ಮಾ. ಬೆರಳಿನ ಗುರತು ಎಲ್ಲಾ ಹಂಗ ಇದ್ದೂ. ಪೇಂಟರ್ ಬೆರಳಿಲೆ ಹಚ್ಚತಾನೇನು?"

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮವ್ವ ನಿನ್ನ ಕೂಡ ಮಾತು ಬಿಡ್ತಿದ್ಲು. ತೊಲಿ ಮತ್ತೊಂದು ಸಿಗತೈತಿ." ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, "ಆ ಕೂಸು ಈಗ ಎಷ್ಟನೇತ್ತ?" ಎಂದು ಕೇಳಿದಳು.

"ಎಂಟನೇತ್ತ ಆಯಿ."

"ಓದ್ಲಿ, ಓದ್ಲಿ" ಅಂದಳು. ಬಸ್ಸು ಬಂತು. ಕೈ ಹಿಡಿದು ಹತ್ತಿಸಿದೆ. ಮತ್ತೆ ನಾನು ಆಕೆಯನ್ನು ನೋಡಲಿಲ್ಲ.

ಪೇಂಟರ್ ಸುದ್ದಿ ಹೇಳಿದ ದಿನ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಕೆ ಅಳುವುದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ. ಗೆರೆ ಕಂಡದ್ದು, ಒರೆಸಿದ್ದು, ಗೊತ್ತಿದ್ದೂ ನಾನೇ ಜೋಕಾಲಿ ಕಟ್ಟಿದ್ದು, ಆಯಿ ನನ್ನನ್ನು ಉಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಅವ್ವ ಅಳು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ ಎದ್ದು ಒಳಗೆ ಹೋದಳು. ಆಯಿ ಹೇಳಿದ್ದು ಖರೆಯಾಯಿತು. ಎಪ್ಪತ್ತೆಂಟರ ಅವ್ವ ಐವತ್ತು ದಾಟಿದ ಮಗನ ಕೂಡ ಒಂಬತ್ತು ದಿನ ಮಾತು ಬಿಟ್ಟಳು. ಊಟದ ತಾಟು ಮುಂದಿಟ್ಟು ಹೋಗುವಳು, ಅಷ್ಟೇ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಹತ್ತನೆಯ ದಿನ ಬೆಳಿಗ್ಗೆ ಸೀರೆ ಉಟ್ಟುಕೊಂಡು, ಕೈಯಲ್ಲಿ ಚೀಲ ಹಿಡಿದು ಬಂದು ನಿಂತಳು.

"ಆಕಿ ಮನಿ ಎಲ್ಲೈತಿ? ನಡಿ, ಹೋಗಿ ಬರೋಣು."

ನನಗೆ ಗೊತ್ತಿರಲಿಲ್ಲ. ಕೆರೆಯ ಆಚೆಗಿನ ಓಣಿ ಅಂತ ಮಾತ್ರ ಕೇಳಿದ್ದೆ. ಇಷ್ಟು ವರ್ಷ ಆಕೆ ನಮ್ಮ ಮನೆಗೆ ಬಂದಳೇ ಹೊರತು ನಾವು ಯಾರೂ ಆ ಕಡೆ ಕಾಲಿಟ್ಟವರಲ್ಲ. ಅವ್ವನನ್ನು ಕೈ ಹಿಡಿದು ನಡೆಸಿಕೊಂಡು ಹೋದೆ. ಓಣಿಯ ಬಾಯಲ್ಲಿ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಜೋಳ ಹಸನು ಮಾಡುತ್ತಿದ್ದಳು.

"ಯಾರ ಮನಿ ಬೇಕಾಗಿತ್ರಿ?"

"ಸುಣ್ಣ ಹಚ್ಚತಿದ್ರಲ್ಲ ಆಯಿ, ಅವರ ಮನಿ" ಎಂದೆ.

"ಈ ಓಣ್ಯಾಗ ಎಲ್ಲಾರೂ ಸುಣ್ಣಾ ಹಚ್ಚಾವ್ರ ಅದೇವ್ರಿ. ಹೆಸರೇನ್ರಿ ಅವರ್ದು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಅವ್ವನ ಮುಖ ನೋಡಿದೆ. ಅವ್ವ ನನ್ನ ಮುಖ ನೋಡಲಿಲ್ಲ. ಆ ಹೆಣ್ಣುಮಗಳ ಮುಂದೆ ಕಟ್ಟೆಯ ಮೇಲೆ ಕೂತು, ಆಕೆಯ ಕೈ ಹಿಡಿದುಕೊಂಡಳು.

"ಹೆಸರು ನಾವು ಕೇಳಲಿಲ್ಲವ್ವಾ. ಅಷ್ಟ ವರ್ಷ ಮನಿಗೆ ಬಂದ್ಲು, ಒಮ್ಮೆನೂ ಕೇಳಲಿಲ್ಲ. ನನ್ನ ಮೊಮ್ಮಗಳ ಜೀವ ಉಳಿಸಿದಾಕಿ ಆಕಿ."

ಆ ಹೆಣ್ಣುಮಗಳು ಮೊರ ಕೆಳಗಿಟ್ಟಳು. ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಜೋಕಾಲಿ ಬಿಚ್ಚಿದ ಮನಿಯವರೇನ್ರಿ? ನಮ್ಮತ್ತಿ ಹೇಳ್ತಿದ್ರು" ಎಂದು, ಎದ್ದು ಬಾಗಿಲು ಸರಿಸಿ ನಿಂತಳು. "ಒಳಗ ಬರ್ರಿ."